ಮನೆ ಇಲ್ಲಿ, ಯಜಮಾನ ಅಲ್ಲಿ



"ಊರಿನ ಮನೆಯನ್ನು ಬಾಡಿಗೆಗೆ ಕೊಡಬೇಕೆಂದಿದ್ದೇನೆ ಸರ್, ಒಬ್ಬ ಏಜೆಂಟ್ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತೇನೆ ಎನ್ನುತ್ತಾನೆ, ಒಪ್ಪಿಸಬಹುದೇ?" ಎಂದು ಹೊರದೇಶಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಒಬ್ಬೊಬ್ಬರಿಗೂ ಫೋನಿನಲ್ಲಿ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ನನ್ನ ತಮ್ಮನ ಮನೆಯ ಕಥೆಯನ್ನು ಇಲ್ಲಿ ಬರೆದುಬಿಡುವುದು ಮೇಲೆಂದು ತೋರಿತು. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನಮ್ಮ ಕುಲಶೇಖರವನ್ನು ಬಲ್ಲವರಿಗೆ ವರ್ಣನೆ ಬೇಕಿಲ್ಲ. ಮೂಡಬಿದಿರೆಗೆ ಹೋಗುವ ಹೆದ್ದಾರಿ, ಹೋಲಿ ಕ್ರಾಸ್ ಇಗರ್ಜಿ, ವೀರನಾರಾಯಣ ದೇವಸ್ಥಾನ, ಹಾಲಿನ ಡೈರಿ, ಗುಡ್ಡದೊಳಗಿನ ರೈಲು ಸುರಂಗ. ಇವುಗಳ ನಡುವಿನ ಓಣಿಗಳಲ್ಲಿ ಒಂದಷ್ಟು ಮನೆಗಳಿವೆ. ಮೇ ತಿಂಗಳಲ್ಲಿ ಮತ್ತು ಕ್ರಿಸ್ಮಸ್ಸಿನ ಸುಮಾರಿಗೆ ಮಾತ್ರ ಅವುಗಳ ಕಿಟಕಿಗಳಲ್ಲಿ ಬೆಳಕು ಕಾಣುತ್ತದೆ. ಎಪ್ಪತ್ತರ ದಶಕದಿಂದ ಕೊಲ್ಲಿ ದೇಶಗಳಿಗೆ ಹೋದವರು ಬೆವರು ಸುರಿಸಿ ಕಟ್ಟಿಸಿದ ಮನೆಗಳವು. ಬೀಗ ಹಾಕಿಟ್ಟರೆ ನಮ್ಮ ಮಳೆ ಸುಮ್ಮನಿರುವುದಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ಗೋಡೆಗೆ ಪಾಚಿ, ಬಾಗಿಲ ದಾರಂದಕ್ಕೆ ಒರಲೆ. ಆದುದರಿಂದ ಬಾಡಿಗೆಗೆ ಕೊಡುವುದು ಹಣದಾಸೆಯಿಂದ ಮಾತ್ರವಲ್ಲ. ಮನೆ ಬದುಕಿರಬೇಕಾದರೆ ಒಳಗೆ ಜನರಿರಬೇಕು.

ನನ್ನ ತಮ್ಮ 1986ರಲ್ಲಿ ಕುವೈತಿಗೆ ಹೋದ. 1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಅಲ್ಲಿಗೆ ನುಗ್ಗಿದಾಗ ಲಕ್ಷಕ್ಕೂ ಹೆಚ್ಚು ಭಾರತೀಯರೊಡನೆ ಜೋರ್ಡಾನಿನ ಅಮ್ಮಾನ್ ಮಾರ್ಗವಾಗಿ ಮುಂಬಯಿಗೆ ಬಂದಿಳಿದ. ಊರು ತಲುಪಿದಾಗ ಅವನ ಕೈಯಲ್ಲಿದ್ದುದು ಒಂದು ಚೀಲ ಮಾತ್ರ. ಎರಡು ವರ್ಷಗಳ ಬಳಿಕ ದುಬಾಯಿಗೆ ಹೋಗಿ, ಹೊಸದಾಗಿ ಆರಂಭಿಸಿ, 1998ರಲ್ಲಿ ಕುಲಶೇಖರದಲ್ಲಿ ಮೂರು ಕೋಣೆಗಳ ಮನೆಯೊಂದನ್ನು ಕಟ್ಟಿಸಿದ. ಒಮ್ಮೆ ಎಲ್ಲವನ್ನೂ ಕಳೆದುಕೊಂಡವನಿಗೆ ಮನೆಯೆಂದರೆ ಏನೆಂಬುದನ್ನು ನಾನು ಹೇಳಬೇಕಾಗಿಲ್ಲ.

ಮೊದಮೊದಲು ಬಾಡಿಗೆಗಿದ್ದವರು ಬ್ಯಾಂಕಿನ ಅಧಿಕಾರಿಗಳು, ಸಜ್ಜನರು. ಅವರಿಗೆ ವರ್ಗವಾದ ಮೇಲೆ, 2013ರ ಕೊನೆಯಲ್ಲಿ, ದುಬಾಯಿಯ ಗೆಳೆಯರೊಬ್ಬರ ಮಾತಿನಂತೆ ತಮ್ಮ ಮನೆಯನ್ನು ಒಬ್ಬ ಮಧ್ಯವರ್ತಿಗೆ ವಹಿಸಿದ. "ಅಣ್ಣ, ನಿನಗೆ ಹತ್ತನೆಯ ತರಗತಿಯ ಕೆಲಸವೇ ಬೇಕಾದಷ್ಟಿದೆ, ಇದರ ಉಪದ್ರ ಬೇಡ" ಎಂದು ಪ್ರೀತಿಯಿಂದಲೇ ಹೇಳಿದ್ದ. ಆ ಮನುಷ್ಯನ ಹೆಸರನ್ನು ಬರೆಯುವುದಿಲ್ಲ. ಪ್ರತಿ ತಿಂಗಳೂ ಹನ್ನೆರಡು ಸಾವಿರ ರೂಪಾಯಿ ತಪ್ಪದೆ ಬರುತ್ತಿತ್ತು. ಹನ್ನೊಂದು ತಿಂಗಳ ಬಳಿಕ ಹಣ ನಿಂತಿತು, ಮಧ್ಯವರ್ತಿಯ ಫೋನೂ ನಿಂತಿತು. ಅದೇ ವಾರ ನೆರೆಮನೆಯವರು ನನ್ನಲ್ಲಿಗೆ ಬಂದು, "ಮಾಷ್ಟ್ರೇ, ನಿಮ್ಮ ತಮ್ಮನ ಮನೆಯ ಶೌಚದ ಗುಂಡಿ ತುಂಬಿ ನಮ್ಮ ಬಾವಿಯ ಕಡೆಗೆ ಹರಿಯುತ್ತಿದೆ" ಎಂದರು.

ಹೋಗಿ ನೋಡಿದರೆ ಜಗಲಿಯಲ್ಲಿ ಹದಿನಾಲ್ಕು ಜೊತೆ ಚಪ್ಪಲಿ! "ಒಂದು ಸಣ್ಣ ಕುಟುಂಬ" ಎಂದು ಮಧ್ಯವರ್ತಿ ಹೇಳಿದ್ದ ಮನೆಯಲ್ಲಿ ಬಾಗಲಕೋಟೆ, ಕೊಪ್ಪಳಗಳ ಕಡೆಯಿಂದ ಬಂದು ಹೋಟೆಲು, ಅಂಗಡಿಗಳಲ್ಲಿ ದುಡಿಯುತ್ತಿದ್ದ ಹದಿನಾಲ್ಕು ಮಂದಿ ಹುಡುಗರಿದ್ದರು. ತಲೆಗೆ ತಿಂಗಳಿಗೆ ಎರಡು ಸಾವಿರ. ಒಟ್ಟು ಇಪ್ಪತ್ತೆಂಟು ಸಾವಿರ. ಮೇಲಾಗಿ ಒಬ್ಬೊಬ್ಬರಿಂದ ಎಂಟು ಸಾವಿರದಂತೆ 1,12,000 ರೂಪಾಯಿ ಮುಂಗಡ. ಅವರಲ್ಲಿ ಹಿರಿಯನಾದವನು ಎದ್ದು ನಿಂತು, "ಸರ್, ರೊಕ್ಕ ಎಲ್ಲಾ ಕೊಟ್ಟೀವ್ರಿ. ರಸೀದಿ ಮಾತ್ರ ಕೊಟ್ಟಿಲ್ರಿ" ಎಂದ.

ತಮ್ಮ ಸಹಿ ಹಾಕಿದ್ದ ಕರಾರುಪತ್ರವನ್ನು ತರಿಸಿ ಓದಿದೆವು. ಅವನ ತಿಳಿವಳಿಕೆಯಂತೆ ಮಧ್ಯವರ್ತಿಯು ಮನೆಯ ಮೇಲ್ವಿಚಾರಕ. ಕಾಗದದ ಪ್ರಕಾರವಾದರೋ ಅವನೇ ಬಾಡಿಗೆದಾರ. ತನಗೆ ಬೇಕಾದವರಿಗೆ ಒಳಬಾಡಿಗೆಗೆ ಕೊಡುವ ಹಕ್ಕೂ ಅವನಿಗಿತ್ತು. ಎಲ್ಲ ಸಂಗತಿ ಆ ಒಂದು ಸಾಲಿನಲ್ಲಿ ಅಡಗಿತ್ತು. ಇದೇ ಉಪಾಯ ಬೆಂಗಳೂರಿನಲ್ಲಿ ಇನ್ನೂ ದೊಡ್ಡದಾಗಿ ನಡೆದಿರುವುದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಮಾಲೀಕನಿಂದ ತಿಂಗಳ ಬಾಡಿಗೆಗೆಂದು ಮನೆ ಪಡೆದು, ಬೇರೊಂದು ಕುಟುಂಬಕ್ಕೆ ಅದನ್ನೇ ಲಕ್ಷಗಟ್ಟಲೆ ಹಣಕ್ಕೆ ಲೀಸಿಗೆ ಕೊಟ್ಟು, ಕೆಲವು ತಿಂಗಳು ಬಾಡಿಗೆ ಕಟ್ಟಿ, ಆಮೇಲೆ ಮಾಯವಾಗುವುದು. ಕೊನೆಗೆ ಎದುರುಬದುರಾಗಿ ನಿಂತು ಜಗಳವಾಡುವವರು ಮೋಸಹೋದ ಇಬ್ಬರೇ!

ನಮ್ಮಲ್ಲಿಯೂ ಅದೇ ಆಗುವುದರಲ್ಲಿತ್ತು. "ಕರೆಂಟು ತೆಗೆಸಿ, ನೀರು ನಿಲ್ಲಿಸಿ, ತಾವಾಗಿಯೇ ಓಡುತ್ತಾರೆ" ಎಂದು ಹಿತೈಷಿಗಳು ಹೇಳಿದರು. ತಮ್ಮನೂ ಸಿಟ್ಟಿನ ಭರದಲ್ಲಿ ಹಾಗೆಯೇ ಅಂದ. ವಕೀಲೆಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸ್ಪಷ್ಟವಾಗಿ ಬೇಡವೆಂದಳು. ವಾಸವಿರುವವನನ್ನು ಕಾನೂನಿನ ಕ್ರಮವಿಲ್ಲದೆ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಂತೆ ಅವನು ಆರು ತಿಂಗಳೊಳಗೆ ದಾವೆ ಹೂಡಿ ಮರಳಿ ಒಳಗೆ ಬರಬಹುದು. ಮನೆ ಯಾರದೆಂಬ ಪ್ರಶ್ನೆಯನ್ನು ಆ ದಾವೆಯಲ್ಲಿ ನ್ಯಾಯಾಲಯ ಕೇಳುವುದೇ ಇಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಾಗುತ್ತಿತ್ತು.

ಮೊದಲು ಬೇಕಾದುದು ತಮ್ಮನ ಪರವಾಗಿ ನಡೆದುಕೊಳ್ಳಲು ನನಗೊಂದು ಅಧಿಕಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ. ಅವನು ದುಬಾಯಿಯ ಭಾರತೀಯ ಕಾನ್ಸುಲೇಟಿನ ಅಧಿಕಾರಿಯ ಎದುರು ಸಹಿ ಹಾಕಿ ಕಳುಹಿಸಿದ. ಹೊರದೇಶದಲ್ಲಿ ಬರೆದ ಇಂತಹ ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕೆಂಬ ನಿಯಮವಿದೆ, ಅದನ್ನೂ ಮಾಡಿಸಿದೆವು. ಕರಡು ಬರೆಯುವಾಗ ಅವನು ಮನೆಯನ್ನು ಮಾರುವ ಅಧಿಕಾರವನ್ನೂ ಸೇರಿಸಹೊರಟಿದ್ದ. ಬೇಡವೆಂದೆ.

"ನಿನ್ನ ಮೇಲೆ ನನಗೆ ನಂಬಿಕೆಯಿಲ್ಲವೇ ಅಣ್ಣ?" ಎಂದು ನೊಂದುಕೊಂಡ.

"ನಂಬಿಕೆ ನಮ್ಮಿಬ್ಬರ ನಡುವೆ ಇದೆ. ಈ ಕಾಗದವನ್ನು ಮುಂದೆ ಓದುವವರು ನಿನ್ನ ಮಕ್ಕಳು, ನನ್ನ ಮಕ್ಕಳು. ಅವರ ಮನಸ್ಸಿನಲ್ಲಿ ಒಂದು ಎಳೆ ಸಂಶಯಕ್ಕೂ ಎಡೆಯಿರಬಾರದು" ಎಂದೆ. ಬಾಡಿಗೆಗೆ ಕೊಡುವುದು, ನೋಟೀಸು ನೀಡುವುದು, ತೆರಿಗೆ ಕಟ್ಟುವುದು, ದುರಸ್ತಿ ಮಾಡಿಸುವುದು. ಇಷ್ಟೇ ಬರೆಸಿದೆವು.

ಬಳಿಕ ಮಧ್ಯವರ್ತಿಗೂ ಹುಡುಗರಿಗೂ ನೋಟೀಸು ಹೋಯಿತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ತಿಂಗಳ ಬಾಡಿಗೆಗೆ ಹದಿನೈದು ದಿನಗಳ ನೋಟೀಸು ಸಾಕು. ಆದರೆ ನೋಟೀಸಿನ ಮೇಲೂ ಬಿಡದಿದ್ದರೆ ದಾವೆ, ದಾವೆಯ ಮೇಲೆ ಅಪೀಲು, ಹೀಗೆ ವರ್ಷಗಳು ಉರುಳುತ್ತವೆ. ನಾನು ಹುಡುಗರನ್ನು ಕೂರಿಸಿಕೊಂಡು ಲೆಕ್ಕ ಮಾಡಿದೆ. ಅವರ ಮುಂಗಡವನ್ನು ತಿಂದವನು ನನ್ನ ತಮ್ಮನಲ್ಲ. ಆದರೆ ಕಳೆದುಕೊಂಡವರು ಅವರೇ. ಮೂರು ತಿಂಗಳು ಬಾಡಿಗೆ ಕೊಡದೆ ಇರಲಿ, ಕರೆಂಟು ಬಿಲ್ಲು ಮತ್ತು ಗುಂಡಿ ಬರಿದು ಮಾಡಿಸುವ ಖರ್ಚು ಅವರದು, ತೊಂಬತ್ತನೆಯ ದಿನ ಬೀಗದ ಕೈ ನನಗೆ. ತಮ್ಮನಿಗೆ ನಷ್ಟ ಮೂವತ್ತಾರು ಸಾವಿರ. ಹುಡುಗರಿಗೆ ಉಳಿಯುವುದು ಎಂಬತ್ತನಾಲ್ಕು ಸಾವಿರ. ಫೋನಿನಲ್ಲಿ ಇದನ್ನು ಕೇಳಿ ತಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಕುವೈತಿನಿಂದ ಬಂದಾಗ ನನ್ನ ಸ್ಥಿತಿಯೂ ಇವರದೇ ಆಗಿತ್ತು, ಹಾಗೇ ಆಗಲಿ" ಎಂದ. ಎಲ್ಲವನ್ನೂ ಬರೆದು, ಎಲ್ಲರೂ ಸಹಿ ಹಾಕಿದರು. ಇಬ್ಬರು ಹೇಳದೆ ಮೊದಲೇ ಹೋದರು. ಉಳಿದ ಹನ್ನೆರಡು ಮಂದಿ ಮಾತಿನಂತೆ ನಡೆದುಕೊಂಡರು. ಮಧ್ಯವರ್ತಿಯಿಂದ ಇಂದಿನವರೆಗೆ ಒಂದು ರೂಪಾಯಿಯೂ ಬಂದಿಲ್ಲ.

ಆ ಬಳಿಕ ಮನೆಯನ್ನು ಕಾಲೇಜಿನ ಕ್ಯಾಂಟೀನ್ ನಡೆಸುತ್ತಿದ್ದ ಒಂದು ಕುಟುಂಬಕ್ಕೆ ಕೊಟ್ಟೆವು. ಈ ಸಲ ಕರಾರು ನಮ್ಮದೇ ಮಾತುಗಳಲ್ಲಿ. ಫ್ಯಾನುಗಳೆಷ್ಟು, ಬಲ್ಬುಗಳೆಷ್ಟು, ಮೀಟರಿನ ಅಂಕಿ ಎಷ್ಟು, ಯಾವ ಗೋಡೆಯಲ್ಲಿ ಬಿರುಕಿದೆ ಎಂಬುದೂ ಪಟ್ಟಿಯಲ್ಲಿತ್ತು. ಬಾಡಿಗೆ ನೇರವಾಗಿ ತಮ್ಮನ ಎನ್‌ಆರ್‌ಒ ಖಾತೆಗೆ. ಮುಂಗಡ ಅರುವತ್ತು ಸಾವಿರ. ಯಾರಿಗೆ ಬೇಡವಾದರೂ ಎರಡು ತಿಂಗಳ ಮುನ್ಸೂಚನೆ. ಹನ್ನೊಂದು ತಿಂಗಳಿಗೊಮ್ಮೆ ಹೊಸ ಪತ್ರ.

ಆ ಕಾಗದಕ್ಕೆ ಪರೀಕ್ಷೆ ಬಂದುದು 2020ರಲ್ಲಿ. ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಕಾಲೇಜು ಮುಚ್ಚಿತು, ಕ್ಯಾಂಟೀನೂ ಮುಚ್ಚಿತು. ಅತ್ತ ದುಬಾಯಿಯಲ್ಲಿ ತಮ್ಮನ ಕೆಲಸ ಹೋಯಿತು. ಮೇ 12ರಂದು ವಂದೇ ಭಾರತ್ ಯೋಜನೆಯ ಮೊದಲ ವಿಮಾನ ದುಬಾಯಿಯಿಂದ ಮಂಗಳೂರಿಗೆ ಬಂತು. ಜೂನಿನ ಒಂದು ವಿಮಾನದಲ್ಲಿ ಅವನಿಗೂ ಹೆಂಡತಿಗೂ ಜಾಗ ಸಿಕ್ಕಿತು. ಕ್ವಾರಂಟೈನ್ ಮುಗಿಸಿ ನಮ್ಮ ಮನೆಗೆ ಬಂದವನು ಒಂದು ಸಂಜೆ, "ಅಣ್ಣ, ಮೂವತ್ತು ವರ್ಷ ದುಡಿದು ಕಟ್ಟಿದ ಮನೆ ಕೂಗಳತೆಯಲ್ಲಿದೆ, ಹೋಗಿ ಮಲಗಲಿಕ್ಕೆ ನನಗೆ ಹಕ್ಕಿಲ್ಲವಲ್ಲ" ಎಂದ. ಅದೇ ದಿನ ಬೆಳಿಗ್ಗೆ ಕ್ಯಾಂಟೀನಿನವರು ಬಂದು, "ಮೂರು ತಿಂಗಳ ಬಾಡಿಗೆ ಬಾಕಿಯಾಗಿದೆ, ನೀವು ಹೋಗಿರೆಂದರೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ ಸರ್?" ಎಂದು ಕೇಳಿ ಹೋಗಿದ್ದರು. ಇಬ್ಬರದೂ ನ್ಯಾಯವೇ. ಇಂಥಲ್ಲಿ ಯಾರ ಪರ ನಿಲ್ಲುವುದು?

ದಾರಿ ತೋರಿದುದು ಆ ಕಾಗದವೇ. ಜುಲೈ ಒಂದರಿಂದ ಎರಡು ತಿಂಗಳ ಮುನ್ಸೂಚನೆ ಕೊಟ್ಟೆವು. ಅಷ್ಟರಲ್ಲಿ ಅವರು ಮನೆಯಲ್ಲಿಯೇ ತಿಂಡಿ ಮಾಡಿ ಮಾರತೊಡಗಿ ಆಗಸ್ಟಿನ ಬಾಡಿಗೆಯನ್ನು ಕೊಟ್ಟರು. ಏಪ್ರಿಲಿನಿಂದ ಜುಲೈವರೆಗಿನ ಬಾಕಿ, ತಿಂಗಳಿಗೆ ಹದಿಮೂರು ಸಾವಿರದಂತೆ 52,000. ತಮ್ಮ ಅರ್ಧ ಬಿಟ್ಟುಕೊಟ್ಟ. ಮುಂಗಡದಿಂದ ಉಳಿದ 26,000 ಮತ್ತು ಕರೆಂಟಿನ 1,840 ಕಳೆದು, 32,160 ರೂಪಾಯಿ ಅವರ ಖಾತೆಗೆ ಹೋಯಿತು. ಪಟ್ಟಿ ಹಿಡಿದು ಫ್ಯಾನು, ಬಲ್ಬು, ಗೋಡೆಯ ಬಿರುಕು ಎಲ್ಲವನ್ನೂ ನೋಡಿದೆವು. ಯಾರೂ ದನಿ ಏರಿಸಲಿಲ್ಲ. ಅವರ ಮಗಳ ಮದುವೆಗೆ ಕಳೆದ ವರ್ಷ ನಮ್ಮಿಬ್ಬರ ಮನೆಗೂ ಕರೆಯೋಲೆ ಬಂದಿತ್ತು.

"ನಮ್ಮೊಳಗೆ ಕಾಗದ ಯಾಕೆ ಮಾಷ್ಟ್ರೇ, ಮಾತು ಸಾಲದೇ?" ಎನ್ನುವವರು ಈಗಲೂ ಇದ್ದಾರೆ. ಕಾಗದವೆಂದರೆ ಅಪನಂಬಿಕೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ನನ್ನ ಅನುಭವ ಇದಕ್ಕೆ ವಿರುದ್ಧ. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎಂಬ ಗಾದೆಯ ಮೊದಲರ್ಧ ಬಾಡಿಗೆ ಮನೆಗೆ ಅಕ್ಷರಶಃ ಸಲ್ಲುತ್ತದೆ. ದೂರದಲ್ಲಿರುವ ಯಜಮಾನ, ಇಲ್ಲಿರುವ ವಾಸಿ, ನಡುವೆ ಓಡಾಡುವ ಬಂಧು, ಈ ಮೂವರೂ ಬೇರೆ ಬೇರೆ ದಿನ ಬೇರೆ ಬೇರೆ ಮಾತು ನೆನಪಿಟ್ಟುಕೊಳ್ಳುತ್ತಾರೆ. ಬರೆದುದು ಮಾತ್ರ ಎಲ್ಲರಿಗೂ ಒಂದೇ.

ಆದುದರಿಂದ, ದೂರದಲ್ಲಿರುವ ನನ್ನ ಮಕ್ಕಳಂತಿರುವವರೇ, ಕೆಲವು ಮಾತುಗಳು. ಸಹಿ ಹಾಕುವ ಮುನ್ನ ಪ್ರತಿ ಸಾಲನ್ನೂ ಓದಿ. ಏಜೆಂಟನು ಕಾಗದದಲ್ಲಿ ನಿಮ್ಮ ಪ್ರತಿನಿಧಿಯೋ, ಬಾಡಿಗೆದಾರನೋ ಎಂದು ನೋಡಿ. ಒಳಬಾಡಿಗೆ ಕೂಡದು ಎಂದು ಸ್ಪಷ್ಟವಾಗಿ ಬರೆಸಿ. ಒಂದು ವರ್ಷಕ್ಕೆ ಮೀರಿದ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕು. ಹನ್ನೊಂದು ತಿಂಗಳ ರೂಢಿ ಬಂದುದು ಅದರಿಂದಲೇ. ಅನಿವಾಸಿಯ ಮನೆಗೆ ಬಾಡಿಗೆ ಕೊಡುವವರು ಶೇಕಡಾ 30 ತೆರಿಗೆಯನ್ನೂ ಅದರ ಮೇಲಿನ ಸೆಸ್ಸನ್ನೂ ಮುರಿದುಕೊಂಡು ಸರಕಾರಕ್ಕೆ ಕಟ್ಟಬೇಕೆಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿಕೊಳ್ಳಿ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡವೆನ್ನುತ್ತದೆ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅದು ಜಾರಿಯಾಗುವುದು. ಆದರೂ ಆ ನೀತಿ ಚಿಂತಿಸತಕ್ಕದ್ದು.

ಬರುವವರ ಗುರುತನ್ನು ಖುದ್ದಾಗಿ ಪರಿಶೀಲಿಸುವ ಒಬ್ಬರು ಊರಿನಲ್ಲಿರಲಿ. 2022ರ ನವೆಂಬರ್ 19ರಂದು ನಮ್ಮ ಸಮೀಪದ ನಾಗುರಿಯಲ್ಲಿ ರಿಕ್ಷಾದೊಳಗೆ ಸ್ಫೋಟವಾದುದು ನೆನಪಿದೆಯಲ್ಲವೇ? ಆರೋಪಿ ಮೈಸೂರಿನಲ್ಲಿ ಬೇರೊಬ್ಬರ ಆಧಾರ್ ತೋರಿಸಿ ಕೋಣೆ ಹಿಡಿದಿದ್ದನೆಂದು ಪೊಲೀಸರು ತಿಳಿಸಿದ್ದರು.

ಪತ್ರಲೇಖನದಲ್ಲಿ ಸ್ಥಳ, ದಿನಾಂಕ ಬರೆಯದವರಿಗೆ ನಾನು ಒಂದು ಅಂಕ ಕಳೆಯುತ್ತಿದ್ದುದನ್ನು ನಿಮ್ಮಲ್ಲಿ ಹಲವರು ಇಂದಿಗೂ ಹೇಳಿ ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ. ಆದರೆ ಕರಾರುಪತ್ರದಲ್ಲಿ ಮಾತ್ರ ದಿನಾಂಕವನ್ನು ಮರೆಯಬೇಡಿ; ಅಲ್ಲಿ ಕಳೆಯುವುದು ಬರಿಯ ಒಂದು ಅಂಕವಲ್ಲ.