ಸಾಠ್ ಕಬರ್‌ನ ಹೆಣ್ಣುಮಕ್ಕಳು

ವಿಜಯಪುರ ಜಿಲ್ಲೆಯಲ್ಲಿ ದೆವ್ವದ ತಾಣವೆಂದು ಹೆಸರಾಗಿರುವುದು ವಿಜಯಪುರದ ಹೊರವಲಯದ ಸಾಠ್ ಕಬರ್, ಅಂದರೆ ‘ಅರವತ್ತು ಗೋರಿ’. ಆದಿಲಶಾಹಿ ಸೇನಾನಿ ಅಫ್ಜಲ್ ಖಾನನು 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಡುವ ಮುನ್ನ, ತಾನು ಮರಳಿ ಬರಲಾರೆನೆಂಬ ಜ್ಯೋತಿಷಿಯ ಮಾತನ್ನು ನಂಬಿ ತನ್ನ ಪತ್ನಿಯರನ್ನೆಲ್ಲ ಕೊಂದನೆಂಬುದು ಇಲ್ಲಿನ ಐತಿಹ್ಯ, ಎಂದರೆ ಬಾಯಿಂದ ಬಾಯಿಗೆ ಉಳಿದುಬಂದ ಕಥನ. ಅದೇ ವರ್ಷದ ನವೆಂಬರಿನಲ್ಲಿ ಖಾನನು ಪ್ರತಾಪಗಡದ ಬಳಿ ಹತನಾದದ್ದು ಇತಿಹಾಸ. ಒಂದೇ ಕಟ್ಟೆಯ ಮೇಲೆ ಸಾಲುಸಾಲಾಗಿರುವ ಕಪ್ಪುಕಲ್ಲಿನ ಗೋರಿಗಳ ಮೇಲ್ಭಾಗ ಚಪ್ಪಟೆಯಾಗಿದೆ; ಅದು ಹೆಣ್ಣಿನ ಗೋರಿಯ ಗುರುತು. ಗೋರಿಗಳ ಎಣಿಕೆಯನ್ನು ಇಷ್ಟು ಜತನದಿಂದ ಹೇಳುವ ಈ ಕಥೆಯಲ್ಲಿ ಆ ಹೆಣ್ಣುಮಕ್ಕಳ ಹೆಸರೇ ಇಲ್ಲದಿರುವುದು ಯಾವ ದೆವ್ವಕ್ಕಿಂತಲೂ ಹೆಚ್ಚು ಕಾಡಬೇಕಾದ ಸಂಗತಿ. ಅಲ್ಲಿಗೆ ಹೋಗುವವರು ರೀಲ್ಸ್‌ಗಾಗಿ ಕಿರುಚಾಡದೆ ಖಬರಸ್ತಾನಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸಬೇಕು.