ಒಂದು ಭಾನುವಾರ, ಹಾಸನ 102.2

ಈ ಕಾಲದಲ್ಲಿ ರೇಡಿಯೋ ಯಾರ್ರೀ ಕೇಳ್ತಾರೆ? ಆಫೀಸಿನಲ್ಲಿ ಈ ಮಾತು ಬಂದಾಗಲೆಲ್ಲ ನಾನು ಕೊಡೋ ಉತ್ತರ ಒಂದೇ: ಅರಸೀಕೆರೆಯಲ್ಲಿ ನಮ್ಮ ದೊಡ್ಡಪ್ಪ ಕೇಳ್ತಾರೆ, ಬೆಳಗ್ಗೆಯಿಂದ ರಾತ್ರಿವರೆಗೆ.

ದೊಡ್ಡಪ್ಪ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದವರು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿ ನಾಲ್ಕು ವರ್ಷವಾಯ್ತು. ನಾನು ಸಾಫ್ಟ್‌ವೇರಿನವನಲ್ಲವೇ, ಹೊಸ ಫೋನ್ ತಂದುಕೊಟ್ಟು ಪ್ರಸಾರ ಭಾರತಿಯ ಆ್ಯಪ್ ಹಾಕಿಕೊಟ್ಟೆ. ಅವರು ಗಾಜಿನ ಮೇಲೆ ಬೆರಳಾಡಿಸಿ, "ಇದರಲ್ಲಿ ಹಿಡಿಯೋಕೆ ಏನೂ ಇಲ್ಲವಲ್ಲೋ" ಅಂದರು. ಅವರ ಹಳೇ ಟ್ರಾನ್ಸಿಸ್ಟರಿಗೆ ತಿರುಗಣೆ ಇದೆ. ಒಂದು ಕೊನೆಗೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ತರುತ್ತಾ ಬಂದರೆ ಆಕಾಶವಾಣಿ ಹಾಸನ. ಅರಸೀಕೆರೆ ಹಾಸನದಿಂದ ನಲವತ್ತು ಕಿಲೋಮೀಟರಿಗೂ ದೂರ. ಎಫ್‌ಎಂ ಅಲೆ ನೇರವಾಗಿ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ಕುಂದುತ್ತದೆ. ಹಾಗಾಗಿ ಆ ಟ್ರಾನ್ಸಿಸ್ಟರಿನ ಏರಿಯಲ್ ಯಾವಾಗಲೂ ಕಿಟಕಿ ಸರಳಿಗೆ ಒರಗಿಕೊಂಡೇ ಇರುತ್ತದೆ.

ಮೊನ್ನೆ ಒಂದು ಭಾನುವಾರ ಲ್ಯಾಪ್‌ಟಾಪ್ ಮುಚ್ಚಿಟ್ಟು ಇಡೀ ದಿನ ಅವರ ಪಕ್ಕದಲ್ಲೇ ಕೂತೆ.

ಶುರುವಾಗಿದ್ದು ನಮಗೆಲ್ಲ ಗೊತ್ತಿರೋ ಆ ಪಿಟೀಲಿನ ಟ್ಯೂನಿನಿಂದ. ಅದನ್ನು ಮಾಡಿದ್ದು 1934ರಲ್ಲಿ, ಹಿಟ್ಲರನ ಕಾಲದಲ್ಲಿ, ಯೂರೋಪು ಬಿಟ್ಟು ಮುಂಬಯಿಗೆ ಬಂದ ವಾಲ್ಟರ್ ಕೌಫ್‌ಮನ್ ಅನ್ನೋ ಯಹೂದಿ ಸಂಗೀತಗಾರ. ಆಮೇಲೆ ಗಮಕ. ಒಬ್ಬರು ಕುಮಾರವ್ಯಾಸನನ್ನು ಹಾಡೋದು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳೋದು. ದೊಡ್ಡಪ್ಪನ ತುಟಿಯೂ ಜೊತೆಜೊತೆಗೇ ಆಡುತ್ತಿತ್ತು.

ಮಧ್ಯಾಹ್ನ ನಾಟಕ. ಜಕಣಾಚಾರಿಯ ಕಥೆ. ಬೇಲೂರಿನ ವಿಗ್ರಹದ ಹೊಟ್ಟೆಯಲ್ಲಿ ಕಪ್ಪೆ ಇದೆ ಅಂತ ಹುಡುಗನೊಬ್ಬ ಹೇಳ್ತಾನಲ್ಲ, ಆ ಹುಡುಗ ತನ್ನ ಮಗನೇ ಅಂತ ಜಕಣನಿಗೆ ಕೊನೆಗೆ ಗೊತ್ತಾಗುತ್ತಲ್ಲ, ಅದೇ. ರೇಡಿಯೋ ನಾಟಕದಲ್ಲಿ ಪಾತ್ರ ದೂರ ಹೋಯಿತು ಅಂದರೆ ನಟ ಮೈಕಿನಿಂದ ಹಿಂದೆ ಸರಿದ ಅಂತ ಅರ್ಥ. ಬಂದವರು ಯಾರು ಅಂತ ತಿಳಿಯಬೇಕಾದರೆ ಇನ್ನೊಬ್ಬರು ಅವರ ಹೆಸರು ಹಿಡಿದು ಕರೆಯಬೇಕು. ಕೇಳುವವರಿಗೆ ಕಾಣೋದಿಲ್ಲ ಅಂತ ಮೊದಲೇ ಒಪ್ಪಿಕೊಂಡು ಬರೆಯೋ ನಾಟಕ ಇದು. ಅದರ ಮುಂದೆ ನಾನೂ ದೊಡ್ಡಪ್ಪನೂ ಸರಿಸಮ! ಉಳಿಯ ಟಕಟಕ ನಿಂತು, ಒಂದು ಕ್ಷಣ ಏನೂ ಸದ್ದಿಲ್ಲದೆ, ಆಮೇಲೆ ನೀರು ತೊಟ್ಟಿಕ್ಕಿದಾಗ ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು.

ಸಂಜೆ ಕೃಷಿರಂಗ, ತೆಂಗಿನ ಗರಿ ತಿನ್ನುವ ಕಪ್ಪುತಲೆ ಹುಳುವಿನ ಬಗ್ಗೆ. ದೊಡ್ಡಪ್ಪ ವಿಜ್ಞಾನಿಗಳ ಜೊತೆ ಎರಡು ಸಲ ಜಗಳಕ್ಕೇ ಹೋದರು.

ರಾತ್ರಿ ರೂಪಕ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವಲ್ಲ, ಅವುಗಳ ಬಗ್ಗೆ. ಮಧ್ಯಾಹ್ನ ಅಳಿಸಿದ್ದ ಕಥೆಯನ್ನು ರಾತ್ರಿ ಪಕ್ಕಕ್ಕಿಟ್ಟರು. ಜಕಣಾಚಾರಿ ದಂತಕಥೆ, ಆದರೆ ಬೇಲೂರಿನಲ್ಲಿ ತಾವೇ ಹೆಸರು ಕೆತ್ತಿಟ್ಟ ಶಿಲ್ಪಿಗಳಿದ್ದಾರೆ, ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಅಂತ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲೂ ಅಪ್ಪ ಮಗನೇ ನೋಡೋ" ಅಂದರು. ಆಮೇಲೆ, "ನಾಳೆ ಕರ್ಕೊಂಡು ಹೋಗ್ತೀಯಾ?"

ಕಣ್ಣು ಹೋದ ಮೇಲೆ ಅವರು ಆಸ್ಪತ್ರೆಗೆ ಬಿಟ್ಟರೆ ಬೇರೆಲ್ಲಿಗೂ ಹೊರಟವರಲ್ಲ. "ನೋಡೋಕೆ ಆಗದವನು ಹೋಗಿ ಏನು ಮಾಡಲಿ" ಅನ್ನೋರು. ನಾನು ಸೋಮವಾರ ರಜೆ ಹಾಕಿದೆ.

ಜಾವಗಲ್ ಮೇಲೆ ಹಳೇಬೀಡು ತಲುಪಿದೆವು. ಹೊಯ್ಸಳೇಶ್ವರನ ಗೋಡೆಯ ಮುಂದೆ ನಿಂತು, "ಕೆಳಗಿಂದ ಹೇಳು" ಅಂದರು. ರೂಪಕದಲ್ಲಿ ಹೇಳಿದ್ದ ಕ್ರಮ ಹಿಡಿದು ಶುರು ಮಾಡಿದೆ. ಆನೆ ಸಾಲು, ಸಿಂಹ, ಬಳ್ಳಿ, ಕುದುರೆ ಸವಾರರು... "ಮತ್ತೆ ಬಳ್ಳಿ ಬರಬೇಕಲ್ಲ?" ಬಂತು. ಅದರ ಮೇಲೆ ರಾಮಾಯಣ, ಭಾರತ, ಭಾಗವತದ ಕಥೆಗಳು, ಮಕರ, ಹಂಸ. ಎಂಟು ಸಾಲು. ಈ ಗುಡಿಗೆ ನಾನು ಸ್ಕೂಲ್ ಟ್ರಿಪ್ ಸೇರಿಸಿ ಐದಾರು ಸಲ ಬಂದಿರಬಹುದು, ಸಾಲು ಎಣಿಸಿದ್ದು ಇದೇ ಮೊದಲು. ಪಕ್ಕದಲ್ಲಿ ಸೆಲ್ಫಿ ತೆಗೀತಿದ್ದ ಹುಡುಗಿಯೊಬ್ಬಳು ಫೋನ್ ಇಳಿಸಿ ತಾನೂ ಎಣಿಸತೊಡಗಿದಳು.

ಅಲ್ಲಿಂದ ಹದಿನಾರು ಕಿಲೋಮೀಟರು ಬೇಲೂರು. 1117ರ ಚೆನ್ನಕೇಶವ ಗುಡಿ, ಮೇಲೆ ಮದನಿಕೆಯರು. "ಚಾವಣನ ಹೆಸರು ಎಲ್ಲಿದೆ?" ಅಂದರು. ಅಷ್ಟು ಎತ್ತರದ ಹಳಗನ್ನಡ ಅಕ್ಷರ ನನ್ನ ಕಣ್ಣಿಗೆ ದಕ್ಕಲಿಲ್ಲ. "ಹೋಗಲಿ ಬಿಡು, ನಂಗೂ ಕಾಣಲ್ಲ, ನಿಂಗೂ ಕಾಣಲ್ಲ, ರೇಡಿಯೋದವರನ್ನೇ ನಂಬೋಣ" ಅಂತ ಜೋರಾಗಿ ನಕ್ಕರು. ಅವರ ಆ ನಗು ಕೇಳಿ ತುಂಬಾ ದಿನವಾಗಿತ್ತು.

ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಆಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದಾಗ ಅವರ ಹತ್ತಿರ ಇದ್ದದ್ದು 30 ವ್ಯಾಟಿನ ಪ್ರೇಷಕ. ಒಂದು ಬಲ್ಬಿನಷ್ಟು! 'ಆಕಾಶವಾಣಿ' ಅನ್ನೋ ಹೆಸರು ಆ ಮನೆಯದು. ಹತ್ತಿರದವರಿಗೆ ಹತ್ತಿರದ ಮಾತು ಕೇಳಿಸೋಕೆ ಅಷ್ಟು ಸಾಕಾಯಿತು. ದೊಡ್ಡ ಊರಿನ ಚಾನೆಲ್ಲು 'ಹಾಸನ ಜಿಲ್ಲೆಯಲ್ಲಿರುವ ಹಳೇಬೀಡು' ಅನ್ನುತ್ತದೆ, ಹಾಸನದ ರೇಡಿಯೋ 'ನಮ್ಮ ಹಳೇಬೀಡು' ಅನ್ನುತ್ತದೆ. ದೊಡ್ಡಪ್ಪನನ್ನು ಮನೆಯಿಂದ ಎಬ್ಬಿಸಿದ್ದು ಆ 'ನಮ್ಮ'. ಸಣ್ಣ ನಿಲಯಗಳು ಬರೀ ಬೇರೆ ಊರಿನ ಕಾರ್ಯಕ್ರಮ ದಾಟಿಸೋ ಕಂಬಗಳಾಗಿಬಿಟ್ಟರೆ ಈ ಕೆಲಸ ಯಾವ ಆ್ಯಪಿನಿಂದಲೂ ಆಗಲ್ಲ. ಆ್ಯಪ್ ಬರೆಯೋನೇ ಹೇಳ್ತಾ ಇದ್ದೀನಿ, ನಂಬಿ.

ಈಗ ದೊಡ್ಡಪ್ಪ ಫೋನ್ ಮಾಡಿದರೆ ಊಟ ಆಯ್ತಾ ಅಂತ ಕೇಳಿ ಬಿಡೋಲ್ಲ. "ನಿನ್ನ ಕಿಟಕಿಯಿಂದ ಏನು ಕಾಣುತ್ತೋ? ಕೆಳಗಿಂದ ಹೇಳು" ಅಂತಾರೆ. ಹೇಳ್ತೀನಿ. ಮೊದಲು ಆಟೋ ಸಾಲು, ಅದರ ಮೇಲೆ ಬೇಕರಿ ಬೋರ್ಡು, ಅದರ ಮೇಲೆ ಒಣಗಿಹಾಕಿದ ಬಟ್ಟೆ...