ಸಂಜೆಯ ಅಳು

ಬಾಣಂತನಕ್ಕೆಂದು ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದಿದ್ದ ಮಗಳ ಕೂಸು, ಮೂರನೆಯ ವಾರದಿಂದ ದೀಪ ಹಚ್ಚುವ ಹೊತ್ತಿಗೆ ಅಳಲಾರಂಭಿಸಿದರೆ ನಡುರಾತ್ರಿಯವರೆಗೂ ನಿಲ್ಲಿಸದು. ನಾವು ವಾಡಿಕೆಯಂತೆ ಬಜೆ ತೇಯಲು ಕುಳಿತೆವು. 6 ತಿಂಗಳವರೆಗೆ ಎದೆಹಾಲಲ್ಲದೆ ಬೇರೊಂದು ಸಲ್ಲದೆಂದು ವೈದ್ಯರು ತಡೆದರು. ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ ಇವಿಲ್ಲದೆ ತೂಕವೇರುತ್ತಿದ್ದರೆ ಭಯಪಡಬೇಕಾಗಿಲ್ಲ. ಈ ಅಳು 6ನೆಯ ವಾರದ ಸುಮಾರಿಗೆ ಹೆಚ್ಚಾಗಿ, 3-4 ತಿಂಗಳಿಗೆ ತಾನೇ ಅಡಗುವುದೆಂದರು.

ಒಂದು ರಾತ್ರಿ ಮಗಳು ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಜಗಲಿಗೆ ಬಂದು, “ಅಮ್ಮಾ, ಎಲ್ಲಿ ಕುಲುಕಿಬಿಡುವೆನೋ ಎಂದು ಹೆದರಿಕೆ” ಎಂದಳು. ಕುಲುಕಿದರೆ ಎಳೆಯ ಮಿದುಳಿನಲ್ಲಿ ರಕ್ತ ಸೋರುವುದುಂಟು. ತೊಟ್ಟಿಲಲ್ಲಿ ಹತ್ತು ನಿಮಿಷ ಅತ್ತರೆ ಕೂಸಿಗೆ ಕೇಡಿಲ್ಲ. ಕಲ್ಲೆದೆಯವಳೆಂದು ನೆರೆಯವರು ಆಡಿಕೊಂಡರೇನಂತೆ! ಅವಳನ್ನು ಮಲಗಲು ಕಳುಹಿ ಕೂಸನ್ನು ನಾವೆತ್ತಿಕೊಂಡೆವು. ಪಕ್ಕದ ಮನೆಯ ಮಗ್ಗಗಳು ಒಂದೇ ಸಮನೆ ಸದ್ದು ಮಾಡುತ್ತಿದ್ದುವು. ಆ ಗೋಡೆಯ ಬಳಿ ನಿಂತರೆ ಅಳು ಕೊಂಚ ತಗ್ಗುತ್ತಿತ್ತು. ಅಲ್ಲಿಯೇ ನಡೆದಾಡುತ್ತ ಇನ್ನಾರು ವಾರ ಕಳೆದೆವು.